ಗರ್ಭಕಾಲದ ಒಪಿಯಾಯ್ಡ್ ಸಂಪರ್ಕ ಮತ್ತು ನವಜಾತ ಶಿಶುವಿನ ರೋಗನಿರೋಧಕ ಶಕ್ತಿ

ಗರ್ಭಕಾಲದ ಒಪಿಯಾಯ್ಡ್ ಸಂಪರ್ಕ ಎಂದರೆ ತಾಯಿ ಗರ್ಭಿಣಿಯಾಗಿರುವಾಗ ಸೇವಿಸಿದ ಅಫೀಮು ವರ್ಗದ ಔಷಧ ಅಥವಾ ಮಾದಕ ವಸ್ತು ಮಾಸುವಿನ ಮೂಲಕ ಭ್ರೂಣವನ್ನು ತಲುಪುವುದು. ಈ ಸಂಪರ್ಕದಿಂದ ಶಿಶುವಿನಲ್ಲಿ ಕಾಣುವ ಪರಿಣಾಮಗಳಲ್ಲಿ ಹೆಚ್ಚು ಪರಿಚಿತವಾದುದು ಒಪಿಯಾಯ್ಡ್ ಪೂರೈಕೆ ಥಟ್ಟನೆ ನಿಲ್ಲುವುದರಿಂದ ಹುಟ್ಟಿದ ಕೆಲವು ಗಂಟೆ ಅಥವಾ ದಿನಗಳಲ್ಲಿ ತಲೆದೋರುವ ಹಿಂತೆಗೆತ ಲಕ್ಷಣಕೂಟ. ಇದರ ಜೊತೆಗೆ ಶಿಶುವಿನ ರೋಗನಿರೋಧಕ ವ್ಯವಸ್ಥೆಯ ಬೆಳವಣಿಗೆಯಲ್ಲೂ ಬದಲಾವಣೆಗಳಾಗುತ್ತವೆ ಎಂಬುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳೂ ಜನಸಮೂಹದ ಅಧ್ಯಯನಗಳೂ ಸೂಚಿಸಿವೆ. ಈ ಬದಲಾವಣೆಗಳು ಎರಡು ಬಗೆಯವು: ಸೋಂಕಿನ ವಿರುದ್ಧದ ರಕ್ಷಣೆ ಕುಗ್ಗುವುದು ಒಂದು, ಸೋಂಕಿಲ್ಲದಿದ್ದರೂ ಉರಿಯೂತ ಹೆಚ್ಚುವುದು ಇನ್ನೊಂದು.

ಒಪಿಯಾಯ್ಡ್‌ಗಳು ಮತ್ತು ಅವುಗಳ ವರ್ಗೀಕರಣ

ಒಪಿಯಾಯ್ಡ್‌ಗಳು ನರಕೋಶಗಳ ಮೇಲಿನ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ನೋವನ್ನು ಕಡಿಮೆ ಮಾಡುವ ವಸ್ತುಗಳು. ಇವುಗಳಲ್ಲಿ ಮೂರು ವರ್ಗಗಳಿವೆ. ಗಸಗಸೆ ಗಿಡದ ಕಾಯಿಯಿಂದ ಒಸರುವ ಹಾಲಿನಲ್ಲಿ ಸಹಜವಾಗಿರುವ ಮಾರ್ಫಿನ್, ಕೋಡೀನ್‌ಗಳು ಮೊದಲನೆಯ ವರ್ಗಕ್ಕೆ ಸೇರುತ್ತವೆ. ನೈಸರ್ಗಿಕ ವಸ್ತುವನ್ನು ರಾಸಾಯನಿಕವಾಗಿ ಮಾರ್ಪಡಿಸಿ ಪಡೆದ ಹೆರಾಯಿನ್, ಆಕ್ಸಿಕೋಡೋನ್, ಬ್ಯುಪ್ರೆನಾರ್ಫಿನ್‌ಗಳು ಅರೆಸಂಶ್ಲೇಷಿತ ವರ್ಗದವು. ಪೂರ್ತಿಯಾಗಿ ಪ್ರಯೋಗಾಲಯದಲ್ಲಿ ತಯಾರಾಗುವ ಮೆಥಡೋನ್, ಪೆಥಿಡಿನ್, ಫೆಂಟನಿಲ್, ಟ್ರಮಡಾಲ್‌ಗಳು ಸಂಶ್ಲೇಷಿತ ವರ್ಗದವು.

ದೇಹವೂ ತನ್ನದೇ ಒಪಿಯಾಯ್ಡ್‌ಗಳನ್ನು ತಯಾರಿಸಿಕೊಳ್ಳುತ್ತದೆ. ಎನ್‌ಕೆಫಲಿನ್, ಎಂಡಾರ್ಫಿನ್ ಮತ್ತು ಡೈನಾರ್ಫಿನ್ ಇಂಥವು. ಇವು ಮತ್ತು ಹೊರಗಿನಿಂದ ಬಂದ ಒಪಿಯಾಯ್ಡ್‌ಗಳು ಮ್ಯೂ, ಕಪ್ಪಾ, ಡೆಲ್ಟಾ ಎಂಬ ಮೂರು ಮುಖ್ಯ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತವೆ. ಈ ಗ್ರಾಹಕಗಳು ಮಿದುಳು, ಬೆನ್ನುಹುರಿಗಳಲ್ಲಿ ಮಾತ್ರವಲ್ಲದೆ ಕರುಳಿನ ಗೋಡೆಯಲ್ಲೂ ಹಲವು ಬಗೆಯ ಬಿಳಿ ರಕ್ತಕಣಗಳ ಮೇಲೂ ಇರುವುದರಿಂದ ಒಪಿಯಾಯ್ಡ್‌ಗಳ ಪ್ರಭಾವ ರೋಗನಿರೋಧಕ ವ್ಯವಸ್ಥೆಗೂ ಚಾಚುತ್ತದೆ.

ಗರ್ಭಿಣಿಯರಲ್ಲಿ ಒಪಿಯಾಯ್ಡ್ ಬಳಕೆಗೆ ಬೇರೆಬೇರೆ ಹಿನ್ನೆಲೆಗಳಿರುತ್ತವೆ. ವೈದ್ಯರು ನೋವಿಗಾಗಿ ಬರೆದುಕೊಟ್ಟ ಔಷಧ, ವೈದ್ಯರ ಸಲಹೆಯಿಲ್ಲದೆ ಸೇವಿಸುವ ಗುಳಿಗೆ, ಹೆರಾಯಿನ್‌ನಂಥ ಅಕ್ರಮ ಮಾದಕ ವಸ್ತು, ವ್ಯಸನದ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಇವುಗಳಲ್ಲಿ ಮುಖ್ಯವಾದವು. ಪ್ರಮಾಣ, ಅವಧಿ ಮತ್ತು ಗರ್ಭದ ಯಾವ ತಿಂಗಳಲ್ಲಿ ಬಳಕೆಯಾಯಿತು ಎಂಬುದು ಒಂದೊಂದರಲ್ಲೂ ಬೇರೆಯಾಗಿರುವುದರಿಂದ ಇವುಗಳ ಪರಿಣಾಮಗಳನ್ನು ಒಂದೇ ಗುಂಪಿಗೆ ಸೇರಿಸಲಾಗದು.

ಅಧ್ಯಯನದ ಇತಿಹಾಸ

ಜರ್ಮನಿಯ ಔಷಧ ತಯಾರಕ ಫ್ರೆಡ್ರಿಕ್ ಸೆರ್ಟ್ಯುರ್ನರ್ 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದ. ಚುಚ್ಚುಮದ್ದಿನ ಸೂಜಿ ಬಳಕೆಗೆ ಬಂದ ಮೇಲೆ ಮಾರ್ಫಿನ್ ವ್ಯಸನ ಹರಡಿತು. ವ್ಯಸನವಿದ್ದ ತಾಯಂದಿರ ಶಿಶುಗಳಲ್ಲಿ ನಡುಕ, ಎಡೆಬಿಡದ ಅಳು, ಸೆಳವು ಕಾಣಿಸಿಕೊಂಡ ವರದಿಗಳು ಅದೇ ಶತಮಾನದ ಉತ್ತರಾರ್ಧದ ವೈದ್ಯಕೀಯ ಬರಹಗಳಲ್ಲಿ ಬಂದವು. ಆಗ ಈ ಸ್ಥಿತಿಯನ್ನು ಜನ್ಮಜಾತ ಮಾರ್ಫಿನ್ ವ್ಯಸನವೆಂದು ಕರೆಯಲಾಗುತ್ತಿತ್ತು.

ಅಫೀಮಿಗೂ ರೋಗನಿರೋಧಕ ಶಕ್ತಿಗೂ ಇರುವ ನಂಟು ಮೊದಲು ಪ್ರಯೋಗದಿಂದ ಕಂಡುಬಂದದ್ದು 1898ರಲ್ಲಿ. ರೊಮೇನಿಯಾದ ಸೂಕ್ಷ್ಮಜೀವಿ ವಿಜ್ಞಾನಿ ಇಯೋನ್ ಕಂತಾಕುಜಿನೊ, ಅಫೀಮು ಕೊಟ್ಟ ಗಿನಿಹಂದಿಗಳಲ್ಲಿ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಗಳನ್ನು ನುಂಗುವ ಕೆಲಸ ಕುಂಠಿತವಾಗುವುದನ್ನು ತೋರಿಸಿದ. 1973ರಲ್ಲಿ ಅಮೆರಿಕ ಮತ್ತು ಸ್ವೀಡನ್‌ನ ಪ್ರಯೋಗಾಲಯಗಳು ಮಿದುಳಿನಲ್ಲಿ ಒಪಿಯಾಯ್ಡ್ ಗ್ರಾಹಕಗಳಿರುವುದನ್ನು ಸ್ವತಂತ್ರವಾಗಿ ಕಂಡುಕೊಂಡವು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೊಸ್ಟರ್‌ಲಿಟ್ಸ್ ಎನ್‌ಕೆಫಲಿನ್‌ಗಳನ್ನು ಗುರುತಿಸಿದರು. ಮನುಷ್ಯರ ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಮೇಲೆ ಮಾರ್ಫಿನ್ ಗ್ರಾಹಕಗಳಿರುವ ಸೂಚನೆ 1979ರಲ್ಲಿ ದೊರೆಯಿತು. ಅದೇ ದಶಕದಲ್ಲಿ ಅಮೆರಿಕದ ಶಿಶುವೈದ್ಯೆ ಲೊರೆಟ್ಟಾ ಫಿನ್ನೆಗನ್ ನವಜಾತ ಶಿಶುವಿನ ಹಿಂತೆಗೆತ ಲಕ್ಷಣಗಳಿಗೆ ಅಂಕ ಕೊಟ್ಟು ತೀವ್ರತೆಯನ್ನು ಅಳೆಯುವ ಪಟ್ಟಿಯನ್ನು ರೂಪಿಸಿದರು.

ದೊಡ್ಡವರಲ್ಲಿ ಒಪಿಯಾಯ್ಡ್‌ಗಳು ಸೋಂಕಿನ ಅಪಾಯ ಹೆಚ್ಚಿಸುವುದು ಹೀಗೆ ಹಲವು ದಶಕಗಳಿಂದ ಗೊತ್ತಿದ್ದರೂ ಭ್ರೂಣದ ರೋಗನಿರೋಧಕ ವ್ಯವಸ್ಥೆಯ ಮೇಲಿನ ಪರಿಣಾಮ ವ್ಯವಸ್ಥಿತ ಅಧ್ಯಯನದ ವಿಷಯವಾದದ್ದು ಮುಖ್ಯವಾಗಿ 21ನೆಯ ಶತಮಾನದಲ್ಲಿ. ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ನೋವುನಿವಾರಕ ಒಪಿಯಾಯ್ಡ್‌ಗಳ ಬಳಕೆ ಮಿತಿಮೀರಿದ್ದು ಇದಕ್ಕೆ ಒತ್ತಾಸೆಯಾಯಿತು.

ಶಿಶುವಿನ ರೋಗನಿರೋಧಕ ವ್ಯವಸ್ಥೆಯ ಬೆಳವಣಿಗೆ

ಭ್ರೂಣದಲ್ಲಿ ರಕ್ತಕಣಗಳ ಉತ್ಪಾದನೆ ಮೂರನೆಯ ವಾರದ ಸುಮಾರಿಗೆ ಭಂಡಾರಚೀಲದಲ್ಲಿ (ಯೋಕ್ ಸ್ಯಾಕ್) ಆರಂಭವಾಗುತ್ತದೆ. ಮುಂದೆ ಅದು ಪಿತ್ತಜನಕಾಂಗಕ್ಕೂ ಕೊನೆಗೆ ಮೂಳೆಮಜ್ಜೆಗೂ ಸ್ಥಳಾಂತರಗೊಳ್ಳುತ್ತದೆ. ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳು ಪಕ್ವವಾಗುತ್ತವೆ. ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಗಳು ಭಂಡಾರಚೀಲದಿಂದಲೇ ಹೊರಟು ಬೆಳೆಯುತ್ತಿರುವ ಮಿದುಳಿನಲ್ಲಿ ನೆಲೆಗೊಳ್ಳುತ್ತವೆ. ಈ ಹಂತಗಳು ಗರ್ಭಕಾಲದ ಉದ್ದಕ್ಕೂ ಹರಡಿಕೊಂಡಿರುವುದರಿಂದ ಒಪಿಯಾಯ್ಡ್ ಯಾವಾಗ ತಲುಪಿತು ಎಂಬುದರ ಮೇಲೆ ಅದರ ಪರಿಣಾಮ ಅವಲಂಬಿಸುತ್ತದೆ.

ತಾಯಿಯ ಪ್ರತಿಕಾಯಗಳಲ್ಲಿ ಮಾಸುವನ್ನು ದಾಟಿ ಭ್ರೂಣಕ್ಕೆ ಬರುವುದು ಐಜಿಜಿ ವರ್ಗದ್ದು ಮಾತ್ರ. ಈ ವರ್ಗಾವಣೆ 13ನೆಯ ವಾರದ ಸುಮಾರಿಗೆ ಆರಂಭವಾಗುತ್ತದೆ; ಹೆಚ್ಚಿನ ಪಾಲು ಬರುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಈ ರಕ್ಷಣೆ ಕಡಿಮೆ ದೊರೆಯುವುದು ಇದರಿಂದಲೇ. ಹುಟ್ಟಿದ ಮೇಲೆ ಗಿಣ್ಣುಹಾಲು ಮತ್ತು ಎದೆಹಾಲಿನ ಐಜಿಎ ಪ್ರತಿಕಾಯಗಳು ಕರುಳಿನ ಒಳಮೈಗೆ ರಕ್ಷಣೆ ಕೊಡುತ್ತವೆ. ಮೊದಲ ವಾರಗಳಲ್ಲಿ ಶಿಶುವಿನ ಸ್ವಂತ ಟಿ ಮತ್ತು ಬಿ ಕೋಶಗಳಿಗೆ ರೋಗಾಣುಗಳ ಪರಿಚಯ ಇನ್ನೂ ಆಗಿರುವುದಿಲ್ಲ. ಆದ್ದರಿಂದ ರಕ್ಷಣೆಯ ಬಹುಭಾಗವನ್ನು ಭಕ್ಷಕ ಕೋಶಗಳು, ಸಹಜ ಮಾರಕ ಕೋಶಗಳು ಮತ್ತು ತಾಯಿಯಿಂದ ಬಂದ ಪ್ರತಿಕಾಯಗಳು ಹೊರುತ್ತವೆ.

ಭ್ರೂಣವನ್ನು ತಲುಪುವ ಮಾರ್ಗ

ಹೆಚ್ಚಿನ ಒಪಿಯಾಯ್ಡ್‌ಗಳ ಅಣುಗಳು ಚಿಕ್ಕವು, ಕೊಬ್ಬಿನಲ್ಲಿ ಕರಗುವಂಥವು. ಆದ್ದರಿಂದ ಅವು ಮಾಸುವಿನ ಪೊರೆಗಳನ್ನು ಸುಲಭವಾಗಿ ದಾಟುತ್ತವೆ. ಮಾಸುವಿನ ಕೋಶಗಳಲ್ಲಿರುವ ಪಿ-ಗ್ಲೈಕೋಪ್ರೋಟೀನ್ ಎಂಬ ಸಾಗಣೆ ಪ್ರೋಟೀನು ಮೆಥಡೋನ್‌ನಂಥ ಕೆಲವು ವಸ್ತುಗಳ ಒಂದಿಷ್ಟು ಪಾಲನ್ನು ತಾಯಿಯ ರಕ್ತಕ್ಕೇ ಹಿಂದಿರುಗಿಸುತ್ತದೆ. ಭ್ರೂಣದ ಪಿತ್ತಜನಕಾಂಗಕ್ಕೆ ಔಷಧಗಳನ್ನು ವಿಭಜಿಸುವ ಸಾಮರ್ಥ್ಯ ಪೂರ್ಣವಾಗಿ ಬಂದಿರುವುದಿಲ್ಲ, ಮೂತ್ರಪಿಂಡಗಳೂ ಪಕ್ವವಾಗಿರುವುದಿಲ್ಲ. ಹೀಗಾಗಿ ತಾಯಿಯ ದೇಹಕ್ಕಿಂತ ಭ್ರೂಣದಲ್ಲಿ ವಸ್ತು ನಿಧಾನವಾಗಿ ಹೊರಹೋಗುತ್ತದೆ. ಭ್ರೂಣದ ರಕ್ತ–ಮಿದುಳು ತಡೆಯೂ ಪೂರ್ಣವಾಗಿ ಬಲಿತಿರುವುದಿಲ್ಲ.

ಪರಿಣಾಮ ಉಂಟಾಗುವ ಬಗೆಗಳು

ನೇರ ಕ್ರಿಯೆ: ಒಪಿಯಾಯ್ಡ್ ಅಣು ಬಿಳಿ ರಕ್ತಕಣಗಳ ಮೇಲಿನ ಮ್ಯೂ ಗ್ರಾಹಕಕ್ಕೆ ಅಂಟಿಕೊಂಡಾಗ ಮಹಾಭಕ್ಷಕ ಕೋಶಗಳು ರೋಗಾಣುಗಳನ್ನು ನುಂಗುವ ವೇಗ ಕಡಿಮೆಯಾಗುತ್ತದೆ. ಸೋಂಕಿನ ಜಾಗಕ್ಕೆ ನ್ಯೂಟ್ರೋಫಿಲ್‌ಗಳ ಚಲನೆ ಕುಗ್ಗುತ್ತದೆ. ಸಹಜ ಮಾರಕ ಕೋಶಗಳ ಚಟುವಟಿಕೆಯೂ ಟಿ ಕೋಶಗಳ ವೃದ್ಧಿಯೂ ಇಳಿಯುತ್ತವೆ. ಮಾರ್ಫಿನ್, ಫೆಂಟನಿಲ್‌ಗಳಲ್ಲಿ ಈ ಗುಣ ಹೆಚ್ಚು, ಬ್ಯುಪ್ರೆನಾರ್ಫಿನ್‌ನಲ್ಲಿ ಕಡಿಮೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಉರಿಯೂತದ ಪ್ರಚೋದನೆ: ಬ್ಯಾಕ್ಟೀರಿಯದ ಕೋಶಭಿತ್ತಿಯಲ್ಲಿರುವ ವಿಷವಸ್ತುವನ್ನು ಗುರುತಿಸುವ ಟಿಎಲ್‌ಆರ್-4 ಎಂಬ ಗ್ರಾಹಕವನ್ನು ಕೆಲವು ಒಪಿಯಾಯ್ಡ್‌ಗಳು ಮತ್ತು ಅವುಗಳ ವಿಭಜನೆಯಿಂದಾದ ವಸ್ತುಗಳೂ ಕೆರಳಿಸಬಲ್ಲವು. ಮಾರ್ಫಿನ್‌ನಿಂದ ಉಂಟಾಗುವ ಮಾರ್ಫಿನ್-3-ಗ್ಲುಕ್ಯುರೋನೈಡ್ ಇದಕ್ಕೆ ಉದಾಹರಣೆ. ಆಗ ಸೋಂಕಿಲ್ಲದಿದ್ದರೂ ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ ಮುಂತಾದ ಸೈಟೊಕೈನ್ ಎಂಬ ಸಂಕೇತ ಪ್ರೋಟೀನುಗಳು ಬಿಡುಗಡೆಯಾಗುತ್ತವೆ. ಇದನ್ನು ರೋಗಾಣುರಹಿತ ಉರಿಯೂತ ಎನ್ನಲಾಗುತ್ತದೆ. ಮೈಕ್ರೋಗ್ಲಿಯಗಳಲ್ಲಿ ಈ ಕ್ರಿಯೆ ನಡೆದರೆ ಬೆಳೆಯುತ್ತಿರುವ ಮಿದುಳಿಗೆ ಹಾನಿಯಾಗುವ ಸಾಧ್ಯತೆಯಿದೆ.

ಹಾರ್ಮೋನು ಮತ್ತು ನರಗಳ ಮೂಲಕ: ಹೈಪೊಥಲಾಮಸ್, ಪಿಟ್ಯುಟರಿ, ಅಡ್ರಿನಲ್ ಗ್ರಂಥಿಗಳ ಸರಣಿಯ ಮೇಲೆ ಒಪಿಯಾಯ್ಡ್‌ಗಳು ಪ್ರಭಾವ ಬೀರುತ್ತವೆ. ಹುಟ್ಟಿದ ಮೇಲೆ ಪೂರೈಕೆ ಥಟ್ಟನೆ ನಿಂತಾಗ ಅನುವೇದಕ ನರಮಂಡಲ ಅತಿಯಾಗಿ ಚುರುಕುಗೊಳ್ಳುತ್ತದೆ. ಒತ್ತಡದ ಹಾರ್ಮೋನುಗಳು ಏರುತ್ತವೆ. ಕಾರ್ಟಿಸಾಲ್ ಮತ್ತು ನಾರ್‌ಅಡ್ರಿನಲಿನ್ ಎರಡೂ ಲಿಂಫೋಸೈಟ್‌ಗಳ ಕೆಲಸವನ್ನು ಬದಲಿಸಬಲ್ಲ ರಾಸಾಯನಿಕಗಳಾದ್ದರಿಂದ ಔಷಧದ ಇರವು ಹೇಗೋ ಹಾಗೆ ಅದರ ಹಿಂತೆಗೆತವೂ ರೋಗನಿರೋಧಕ ವ್ಯವಸ್ಥೆಯನ್ನು ಬಾಧಿಸುತ್ತದೆ.

ಕರುಳಿನ ಮೂಲಕ: ಒಪಿಯಾಯ್ಡ್‌ಗಳು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆ. ಒಳಪೊರೆಯ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸಿ ಬ್ಯಾಕ್ಟೀರಿಯಗಳು ರಕ್ತಕ್ಕೆ ನುಸುಳಲು ಎಡೆಮಾಡಿಕೊಡುವುದು ವಯಸ್ಕ ಪ್ರಾಣಿಗಳ ಪ್ರಯೋಗಗಳಲ್ಲಿ ಕಂಡುಬಂದಿದೆ. ಕರುಳಿನ ಸೂಕ್ಷ್ಮಜೀವಿ ಸಮುದಾಯದ ಸಂಯೋಜನೆಯೂ ಬದಲಾಗುತ್ತದೆ. ಶಿಶು ತನ್ನ ಮೊದಲ ಸೂಕ್ಷ್ಮಜೀವಿಗಳನ್ನು ಬಹುಮಟ್ಟಿಗೆ ತಾಯಿಯಿಂದ ಪಡೆಯುವುದರಿಂದ ತಾಯಿಯ ಕರುಳಿನ ಬದಲಾವಣೆ ಮಗುವಿಗೂ ದಾಟಬಹುದು.

ಪ್ರಾಣಿಗಳ ಮೇಲಿನ ಪ್ರಯೋಗಗಳ ಫಲಿತಾಂಶ

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಲಾರೆನ್ ಜಾಂಟ್ಸಿ ಮತ್ತು ಸಹೋದ್ಯೋಗಿಗಳು ಗರ್ಭಿಣಿ ಇಲಿಗಳಿಗೆ ಗರ್ಭದ 16ನೆಯ ದಿನದಿಂದ ನಿರಂತರವಾಗಿ ಮೆಥಡೋನ್ ಕೊಟ್ಟು ಮರಿಗಳನ್ನು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಈ ಅಧ್ಯಯನಗಳ ಪ್ರಕಾರ ಮರಿಗಳ ರಕ್ತದಲ್ಲಿ ಉರಿಯೂತದ ಸೈಟೊಕೈನ್‌ಗಳ ಮಟ್ಟ ಏರಿತ್ತು. ಅವುಗಳ ಬಿಳಿ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಪ್ರಚೋದಿಸಿದಾಗ ಪ್ರತಿಕ್ರಿಯೆ ಸಾಮಾನ್ಯ ಮರಿಗಳಿಗಿಂತ ತೀವ್ರವಾಗಿತ್ತು. ಮಿದುಳಿನ ಬಿಳಿ ದ್ರವ್ಯದಲ್ಲೂ ಹಾನಿ ಕಂಡಿತು. ಗರ್ಭದಲ್ಲಿ ಒಪಿಯಾಯ್ಡ್ ತಲುಪಿದ್ದರಿಂದ ರೋಗನಿರೋಧಕ ಕೋಶಗಳು ಮುಂದಿನ ಪ್ರಚೋದನೆಗೆ ಅತಿಯಾಗಿ ಸ್ಪಂದಿಸುವಂತೆ ಸಜ್ಜಾಗಿರುತ್ತವೆ ಎಂದು ಸಂಶೋಧಕರು ಇದನ್ನು ವ್ಯಾಖ್ಯಾನಿಸಿದರು.

ಇದಕ್ಕೆ ವಿರುದ್ಧ ದಿಕ್ಕಿನ ಫಲಿತಾಂಶಗಳೂ ಇವೆ. ಗರ್ಭದಲ್ಲಿ ಒಪಿಯಾಯ್ಡ್ ತಲುಪಿದ್ದ ಇಲಿಗಳು ದೊಡ್ಡವಾದ ಮೇಲೆ ಬ್ಯಾಕ್ಟೀರಿಯದ ವಿಷವಸ್ತುವಿಗೆ ಜ್ವರದ ಮೂಲಕ ತೋರುವ ಪ್ರತಿಕ್ರಿಯೆ ಮಂದವಾಗಿದ್ದುದನ್ನು 2007ರ ಅಧ್ಯಯನವೊಂದು ದಾಖಲಿಸಿದೆ. ಔಷಧದ ಬಗೆ, ಪ್ರಮಾಣ, ಪರೀಕ್ಷೆ ನಡೆದ ವಯಸ್ಸು ಇವುಗಳ ವ್ಯತ್ಯಾಸ ಇಂಥ ಭಿನ್ನತೆಗೆ ಕಾರಣವಾಗಬಲ್ಲದು.

ಶಿಶುಗಳಲ್ಲಿ ಕಾಣುವ ಪರಿಣಾಮಗಳು

ಸೋಂಕು: ಪಶ್ಚಿಮ ಆಸ್ಟ್ರೇಲಿಯ ರಾಜ್ಯದಲ್ಲಿ 2003ರಿಂದ 2018ರ ಅವಧಿಯಲ್ಲಿ ಹುಟ್ಟಿದ 4 ಲಕ್ಷಕ್ಕೂ ಹೆಚ್ಚು ಶಿಶುಗಳ ಆರೋಗ್ಯ ದಾಖಲೆಗಳನ್ನು ಜೋಡಿಸಿ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿ ಒಪಿಯಾಯ್ಡ್ ಸಂಪರ್ಕವಿದ್ದ ಮಕ್ಕಳಲ್ಲಿ ಜನನದ ಆಸುಪಾಸಿನ ಸೋಂಕುಗಳ ಅಪಾಯ ಉಳಿದ ಮಕ್ಕಳಿಗಿಂತ ಹೆಚ್ಚಿದ್ದುದು ಅದರಲ್ಲಿ ಕಂಡುಬಂತು.

ಅಲರ್ಜಿ ಮತ್ತು ಚರ್ಮದ ಉರಿಯೂತ: ಅದೇ ಅಧ್ಯಯನದಲ್ಲಿ ಎಕ್ಸಿಮ, ಚರ್ಮದ ಉರಿಯೂತ ಮತ್ತು ಆಸ್ತಮಾದ ಅಪಾಯವೂ ಹೆಚ್ಚಿತ್ತು. ನವಜಾತ ಅವಧಿಯಲ್ಲಿ ಹಿಂತೆಗೆತ ಲಕ್ಷಣಕೂಟವಿರುವ ಶಿಶುಗಳಲ್ಲಿ ಮತ್ತೆಮತ್ತೆ ಭೇದಿಯಾಗಿ ಲಂಗೋಟಿ ತಾಗುವ ಜಾಗದ ಚರ್ಮ ಕೆಂಪಾಗಿ ಸುಲಿಯುವುದು, ಒಂದೇ ಸಮನೆ ಕೈಕಾಲು ಉಜ್ಜುವುದರಿಂದ ಮೊಣಕಾಲು, ಗಲ್ಲಗಳ ಚರ್ಮ ತರಚುವುದು ಸಾಮಾನ್ಯ. ಚರ್ಮವೇ ದೇಹದ ಮೊದಲ ತಡೆಯಾದ್ದರಿಂದ ಈ ಗಾಯಗಳು ಸೋಂಕಿಗೆ ದಾರಿಯಾಗುತ್ತವೆ.

ರಕ್ತದಿಂದ ಹರಡುವ ರೋಗಗಳು: ಸೂಜಿ ಹಂಚಿಕೊಂಡು ಮಾದಕ ವಸ್ತು ಚುಚ್ಚಿಕೊಳ್ಳುವ ತಾಯಂದಿರಲ್ಲಿ ಹೆಪಟೈಟಿಸ್ ಸಿ, ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಹೆಚ್ಚು. ಇವು ಒಪಿಯಾಯ್ಡ್‌ನ ರಾಸಾಯನಿಕ ಪರಿಣಾಮಗಳಲ್ಲದಿದ್ದರೂ ಅದರ ಬಳಕೆಯ ಜೊತೆಗೆ ಬರುವಂಥವು. ಹೆಪಟೈಟಿಸ್ ಸಿ ಇರುವ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಪ್ರಮಾಣ ನೂರಕ್ಕೆ ಸುಮಾರು 5ರಿಂದ 6. ತಾಯಿಗೆ ಎಚ್‌ಐವಿಯೂ ಇದ್ದರೆ ಇದು ಹೆಚ್ಚುತ್ತದೆ. ತಾಯಿಗೆ ಎಚ್‌ಐವಿ ಇದ್ದು ಮಗುವಿಗೆ ಸೋಂಕು ತಗುಲದಿದ್ದರೂ ಅಂಥ ಮಕ್ಕಳಲ್ಲಿ ಇತರ ಸೋಂಕುಗಳ ಅಪಾಯ ಹೆಚ್ಚಿರುವುದು ದಾಖಲಾಗಿದೆ.

ಕಾರಣಗಳನ್ನು ಬೇರ್ಪಡಿಸುವ ತೊಡಕು

ಮನುಷ್ಯರ ಅಧ್ಯಯನಗಳಲ್ಲಿ ಕಾಣುವ ಪರಿಣಾಮ ಎಷ್ಟರಮಟ್ಟಿಗೆ ಒಪಿಯಾಯ್ಡ್‌ನದೇ ಎಂದು ನಿರ್ಧರಿಸುವುದು ಕಷ್ಟ. ಒಪಿಯಾಯ್ಡ್ ವ್ಯಸನವಿರುವ ಗರ್ಭಿಣಿಯರಲ್ಲಿ ಬಹುಪಾಲು ಮಂದಿ ತಂಬಾಕು ಸೇದುತ್ತಾರೆ; ತಂಬಾಕಿನ ಹೊಗೆಯೊಂದೇ ಮಗುವಿನ ಆಸ್ತಮಾ ಮತ್ತು ಉಸಿರಾಟದ ಸೋಂಕಿಗೆ ಕಾರಣವಾಗಬಲ್ಲದು. ಮದ್ಯ, ಇತರ ಮಾದಕ ವಸ್ತು, ಪೌಷ್ಟಿಕ ಆಹಾರದ ಕೊರತೆ, ಬಡತನ, ಮಾನಸಿಕ ಒತ್ತಡ, ಗರ್ಭಕಾಲದ ತಪಾಸಣೆಯ ಅಭಾವಗಳೂ ಜೊತೆಗಿರುತ್ತವೆ. ಅವಧಿಪೂರ್ವ ಜನನ ಮತ್ತು ಕಡಿಮೆ ತೂಕ ಒಪಿಯಾಯ್ಡ್ ಸಂಪರ್ಕವಿರುವ ಶಿಶುಗಳಲ್ಲಿ ಹೆಚ್ಚು. ಇವೆರಡೂ ಸ್ವತಂತ್ರವಾಗಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ. ಚಿಕಿತ್ಸೆಗಾಗಿ ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಇರುವ ಶಿಶುವಿಗೆ ಆಸ್ಪತ್ರೆಯ ಸೋಂಕು ತಗುಲುವ ಸಂಭವವೂ ಇರುತ್ತದೆ. ಸಂಖ್ಯಾಶಾಸ್ತ್ರದ ವಿಧಾನಗಳಿಂದ ಈ ಅಂಶಗಳನ್ನು ಒಂದು ಮಟ್ಟಿಗೆ ಸರಿದೂಗಿಸಬಹುದು, ಪೂರ್ತಿಯಾಗಿ ಅಲ್ಲ. ಪ್ರಾಣಿಗಳ ಪ್ರಯೋಗಗಳಿಗೆ ಇಲ್ಲಿ ಮಹತ್ವ ಬಂದಿರುವುದು ಅವುಗಳಲ್ಲಿ ಒಪಿಯಾಯ್ಡ್ ಒಂದನ್ನೇ ಬೇರ್ಪಡಿಸಿ ನೋಡಬಹುದೆಂಬ ಕಾರಣಕ್ಕೆ.

ಗುರುತಿಸುವಿಕೆ

ತಾಯಿಯ ಸೇವನೆಯ ವಿವರವನ್ನು ಗೌಪ್ಯವಾಗಿ ಕೇಳಿ ತಿಳಿಯುವುದು ಮೊದಲ ಹೆಜ್ಜೆ. ತಾಯಿಯ ಮೂತ್ರ, ಶಿಶುವಿನ ಮೂತ್ರ, ಮೊದಲ ಕಪ್ಪು ಮಲ ಅಥವಾ ಹೊಕ್ಕುಳಬಳ್ಳಿಯ ತುಣುಕಿನಲ್ಲಿ ಒಪಿಯಾಯ್ಡ್ ಇದೆಯೇ ಎಂದು ಪರೀಕ್ಷಿಸಬಹುದು. ಹೆರಾಯಿನ್‌ನಿಂದಾದ ಹಿಂತೆಗೆತ ಲಕ್ಷಣಗಳು ಸಾಮಾನ್ಯವಾಗಿ 24 ಗಂಟೆಗಳೊಳಗೆ, ಮೆಥಡೋನ್‌ನವು 24ರಿಂದ 72 ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ದೀರ್ಘಕಾಲ ಕೆಲಸ ಮಾಡುವ ಒಪಿಯಾಯ್ಡ್‌ಗಳ ಸಂಪರ್ಕವಿದ್ದ ಶಿಶುವನ್ನು 4ರಿಂದ 7 ದಿನ ಆಸ್ಪತ್ರೆಯಲ್ಲಿ ಗಮನಿಸಲಾಗುತ್ತದೆ.

ರೋಗನಿರ್ಣಯದಲ್ಲಿ ಮುಖ್ಯವಾದ ಎಚ್ಚರವೊಂದಿದೆ. ಜ್ವರ, ವೇಗದ ಉಸಿರಾಟ, ಹಾಲು ಕುಡಿಯದಿರುವುದು, ವಾಂತಿ, ಕಿರಿಕಿರಿ, ಸೆಳವು ಇವು ಹಿಂತೆಗೆತದಲ್ಲಿಯೂ ಕಾಣುತ್ತವೆ, ರಕ್ತದ ಸೋಂಕಾದ ಸೆಪ್ಸಿಸ್‌ನಲ್ಲಿಯೂ ಕಾಣುತ್ತವೆ. ಆದ್ದರಿಂದ ತಾಯಿಯ ಒಪಿಯಾಯ್ಡ್ ಬಳಕೆ ಗೊತ್ತಿದ್ದರೂ ಅನುಮಾನವಿರುವ ಶಿಶುವಿನಲ್ಲಿ ರಕ್ತದ ಕಲ್ಚರ್, ರಕ್ತಕಣಗಳ ಎಣಿಕೆ, ಸಕ್ಕರೆ ಮತ್ತು ಕ್ಯಾಲ್ಸಿಯಂ ಮಟ್ಟದ ಪರೀಕ್ಷೆಗಳಿಂದ ಬೇರೆ ಕಾರಣಗಳನ್ನು ತಳ್ಳಿಹಾಕಬೇಕಾಗುತ್ತದೆ.

ಚಿಕಿತ್ಸೆ ಮತ್ತು ರಕ್ಷಣೆ

ತಾಯಿಯ ಚಿಕಿತ್ಸೆ: ವ್ಯಸನವಿರುವ ಗರ್ಭಿಣಿ ಒಪಿಯಾಯ್ಡನ್ನು ಏಕಾಏಕಿ ನಿಲ್ಲಿಸುವುದನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಹಾಗೆ ಮಾಡಿದರೆ ಮತ್ತೆ ವ್ಯಸನಕ್ಕೆ ಬೀಳುವ, ಗರ್ಭಕ್ಕೆ ತೊಂದರೆಯಾಗುವ ಅಪಾಯಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 2014ರ ಮಾರ್ಗಸೂಚಿ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಇವೆರಡನ್ನೂ ಹೋಲಿಸಿದ 2010ರ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 131 ಶಿಶುಗಳ ಫಲಿತಾಂಶ ದೊರೆಯಿತು. ಬ್ಯುಪ್ರೆನಾರ್ಫಿನ್ ಪಡೆದ ತಾಯಂದಿರ ಶಿಶುಗಳಿಗೆ ಹಿಂತೆಗೆತದ ಚಿಕಿತ್ಸೆಗಾಗಿ ಸರಾಸರಿ 1.1 ಮಿಲಿಗ್ರಾಂ ಮಾರ್ಫಿನ್ ಸಾಕಾದರೆ ಮೆಥಡೋನ್ ಗುಂಪಿನ ಶಿಶುಗಳಿಗೆ 10.4 ಮಿಲಿಗ್ರಾಂ ಬೇಕಾಯಿತು; ಆಸ್ಪತ್ರೆವಾಸ ಕ್ರಮವಾಗಿ 10 ಮತ್ತು 17.5 ದಿನಗಳಾಗಿದ್ದವು.

ಶಿಶುವಿನ ಆರೈಕೆ: ಬೆಳಕು ಮತ್ತು ಸದ್ದು ಕಡಿಮೆಯಿರುವ ಕೋಣೆ, ಬಟ್ಟೆಯಲ್ಲಿ ಸುತ್ತುವುದು, ತಾಯಿಯ ಎದೆಗೆ ಚರ್ಮ ತಾಗುವಂತೆ ಮಲಗಿಸುವುದು, ಸ್ವಲ್ಪ ಸ್ವಲ್ಪವಾಗಿ ಪದೇಪದೇ ಹಾಲುಣಿಸುವುದು ಮೊದಲ ಹಂತದ ಆರೈಕೆ. ಇವುಗಳಿಂದ ಹತೋಟಿಗೆ ಬರದಿದ್ದರೆ ಬಾಯಿಯ ಮೂಲಕ ಮಾರ್ಫಿನ್, ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಟ್ಟು ಕ್ರಮೇಣ ಇಳಿಸಲಾಗುತ್ತದೆ. ಮಗು ಉಣ್ಣುತ್ತದೆಯೇ, ಮಲಗುತ್ತದೆಯೇ, ಸಂತೈಸಿದರೆ ಸುಮ್ಮನಾಗುತ್ತದೆಯೇ ಎಂಬ ಮೂರು ಅಂಶಗಳ ಆಧಾರದ ಆರೈಕೆ ಕ್ರಮವನ್ನು ಅಮೆರಿಕದ 26 ಆಸ್ಪತ್ರೆಗಳಲ್ಲಿ 1,305 ಶಿಶುಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಳೆಯ ಕ್ರಮದಲ್ಲಿ ಮಗು ಮನೆಗೆ ಹೋಗುವ ಸ್ಥಿತಿಗೆ ಬರಲು ಸರಾಸರಿ 14.9 ದಿನ ಹಿಡಿದರೆ ಹೊಸ ಕ್ರಮದಲ್ಲಿ 8.2 ದಿನ ಸಾಕಾಯಿತು. ಔಷಧ ಬೇಕಾದ ಶಿಶುಗಳ ಪ್ರಮಾಣ ಶೇ. 52ರಿಂದ ಶೇ. 19.5ಕ್ಕೆ ಇಳಿಯಿತು. ಆಸ್ಪತ್ರೆವಾಸವೂ ಹೆಚ್ಚುವರಿ ಒಪಿಯಾಯ್ಡ್ ಸೇವನೆಯೂ ಕಡಿಮೆಯಾಗುವುದು ಸೋಂಕಿನ ದೃಷ್ಟಿಯಿಂದಲೂ ಅನುಕೂಲಕರ.

ಎದೆಹಾಲು: ಚಿಕಿತ್ಸೆಯಲ್ಲಿ ಸ್ಥಿರವಾಗಿರುವ, ಅಕ್ರಮ ಮಾದಕ ವಸ್ತು ಬಳಸದ ತಾಯಿಗೆ ಹಾಲೂಡಿಸಲು ಪ್ರೋತ್ಸಾಹಿಸಲಾಗುತ್ತದೆ. ಮೆಥಡೋನ್, ಬ್ಯುಪ್ರೆನಾರ್ಫಿನ್‌ಗಳು ಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ. ಎದೆಹಾಲು ಕುಡಿಯುವ ಶಿಶುಗಳಲ್ಲಿ ಹಿಂತೆಗೆತದ ತೀವ್ರತೆ ಕಡಿಮೆ ಇರುವುದಲ್ಲದೆ ಹಾಲಿನ ಪ್ರತಿಕಾಯಗಳೂ ಅವುಗಳಿಗೆ ದೊರೆಯುತ್ತವೆ. ಹೆಪಟೈಟಿಸ್ ಸಿ ಹಾಲೂಡಿಸಲು ತಡೆಯಲ್ಲ. ಮೊಲೆತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಾತ್ರ ಗುಣವಾಗುವವರೆಗೆ ನಿಲ್ಲಿಸಬೇಕು.

ಲಸಿಕೆ ಮತ್ತು ಪರೀಕ್ಷೆ: ಒಪಿಯಾಯ್ಡ್ ಸಂಪರ್ಕವಿದ್ದ ಶಿಶುಗಳಿಗೂ ಸಾಮಾನ್ಯ ಲಸಿಕಾ ಪಟ್ಟಿಯೇ ಅನ್ವಯಿಸುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನು 24 ಗಂಟೆಗಳೊಳಗೆ ಹಾಕಬೇಕು. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ 12 ಗಂಟೆಗಳೊಳಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೊಡಲಾಗುತ್ತದೆ. ತಾಯಿಗೆ ಹೆಪಟೈಟಿಸ್ ಸಿ ಇದ್ದ ಶಿಶುವಿಗೆ 2ರಿಂದ 6 ತಿಂಗಳ ನಡುವೆ ವೈರಸ್ ಆರ್‌ಎನ್‌ಎ ಪರೀಕ್ಷೆ ಮಾಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2023ರಲ್ಲಿ ಸೂಚಿಸಿದೆ.

ಇಂದಿನ ಸ್ಥಿತಿ

ಅಮೆರಿಕದಲ್ಲಿ ನವಜಾತ ಹಿಂತೆಗೆತ ಲಕ್ಷಣಕೂಟದ ಪ್ರಮಾಣ 2010ರಲ್ಲಿ ಆಸ್ಪತ್ರೆಯ 1,000 ಜನನಗಳಿಗೆ 4.0 ಇದ್ದದ್ದು 2017ರಲ್ಲಿ 7.3ಕ್ಕೆ ಏರಿತು. ಭಾರತದಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಒಪಿಯಾಯ್ಡ್ ಬಳಸುವವರು ಜನಸಂಖ್ಯೆಯ ಸುಮಾರು ಶೇ. 2.1ರಷ್ಟು. ಜನಸಂಖ್ಯೆಯ ಲೆಕ್ಕದಲ್ಲೇ ಹೆರಾಯಿನ್ ಬಳಸುವವರು ಶೇ. 1.14, ಔಷಧರೂಪದ ಒಪಿಯಾಯ್ಡ್ ಬಳಸುವವರು ಶೇ. 0.96, ಅಫೀಮು ಬಳಸುವವರು ಶೇ. 0.52. ಬಳಕೆದಾರರಲ್ಲಿ ಗಂಡಸರೇ ಬಹುಪಾಲು. ಅಫೀಮು ಗಸಗಸೆಯ ಪರವಾನಗಿ ಕೃಷಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶಗಳಲ್ಲಿ ನಡೆಯುತ್ತದೆ. ಮಾದಕ ವಸ್ತುಗಳ ನಿಯಂತ್ರಣಕ್ಕೆ 1985ರ ಎನ್‌ಡಿಪಿಎಸ್ ಕಾಯಿದೆ ಇದೆ. ಟ್ರಮಡಾಲ್ 2018ರಲ್ಲಿ ಅದರ ವ್ಯಾಪ್ತಿಗೆ ಬಂತು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಒಪಿಯಾಯ್ಡ್ ವ್ಯಸನಕ್ಕೆ ಚಿಕಿತ್ಸೆ ನೀಡುವ ಪ್ರಮುಖ ಸಂಸ್ಥೆ.

ಸಂಶೋಧನೆ ಈಗ ಮೂರು ದಿಕ್ಕುಗಳಲ್ಲಿ ಸಾಗಿದೆ. ಹೊಕ್ಕುಳಬಳ್ಳಿಯ ರಕ್ತದ ಕೋಶಗಳನ್ನು ಒಂದೊಂದಾಗಿ ವಿಶ್ಲೇಷಿಸಿ ಹುಟ್ಟಿನ ಹೊತ್ತಿಗೇ ಆಗಿರುವ ಬದಲಾವಣೆಗಳನ್ನು ಗುರುತಿಸುವುದು ಮೊದಲನೆಯದು. ಹಿಂತೆಗೆತದ ತೀವ್ರತೆಯನ್ನು ಮುಂಚಿತವಾಗಿ ಸೂಚಿಸಬಲ್ಲ ಉರಿಯೂತದ ಗುರುತುಗಳನ್ನು ಹುಡುಕುವುದು ಎರಡನೆಯದು. ಸಂಪರ್ಕಕ್ಕೆ ಒಳಗಾದ ಮಕ್ಕಳನ್ನು ಶಾಲಾ ವಯಸ್ಸಿನವರೆಗೂ ಅನುಸರಿಸಿ ಸೋಂಕು, ಅಲರ್ಜಿ ಮತ್ತು ಲಸಿಕೆಗೆ ಮೂಡುವ ಪ್ರತಿಕ್ರಿಯೆಯನ್ನು ದಾಖಲಿಸುವುದು ಮೂರನೆಯದು. ರೋಗನಿರೋಧಕ ಪರಿಣಾಮಗಳನ್ನೇ ಗುರಿಯಾಗಿಸಿಕೊಂಡ ಪ್ರತ್ಯೇಕ ಔಷಧವೊಂದು ಇನ್ನೂ ಚಿಕಿತ್ಸಾ ಕ್ರಮದಲ್ಲಿ ಸೇರಿಲ್ಲ. ತಾಯಿಯ ಚಿಕಿತ್ಸೆ, ಎದೆಹಾಲು, ಲಸಿಕೆ, ಸೋಂಕಿನ ಬಗ್ಗೆ ನಿಗಾ ಮತ್ತು ನಿಯಮಿತ ತಪಾಸಣೆ ಇಂದಿನ ಮುಖ್ಯ ರಕ್ಷಣಾ ಕ್ರಮಗಳಾಗಿವೆ.